ವಿಶ್ವವಿದ್ಯಾಲಯದ ಕ್ರೀಡಾತಂಡ: ನಾಲ್ಕು ಲೆಕ್ಕ, ಒಂದು ಋಣ



ವಿಶ್ವವಿದ್ಯಾಲಯವೊಂದರ ಯೋಗ್ಯತೆಯನ್ನು ಅಳೆಯಬೇಕಾದಾಗ ನಾವು ಅದರ ಗ್ರಂಥಭಂಡಾರವನ್ನೂ ಪ್ರಯೋಗಶಾಲೆಗಳನ್ನೂ ಅಧ್ಯಾಪಕರ ಸಂಶೋಧನೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಗಣನೆಗೆ ತಂದುಕೊಳ್ಳುತ್ತೇವೆ. ಆದರೆ ಅದರ ಆಟದ ಮೈದಾನವನ್ನು ಕುರಿತು ಕೇಳುವಾಗ ಮಾತ್ರ, ಎಷ್ಟು ಪದಕಗಳು ಬಂದುವೆಂಬ ಒಂದೇ ಪ್ರಶ್ನೆಯಿಂದ ತೃಪ್ತರಾಗಿಬಿಡುತ್ತೇವೆ. ತಂಡಕ್ಕೆ ಯಾರು ಬಂದರು, ಯಾರು ಬರಲಾರದೆ ಹೋದರು, ಅವರಿಗೆ ಕಲಿಸಿದವರು ಯಾರು, ಆ ಕಲಿಕೆಗೆ ತಗುಲಿದ ಹಣ ಯಾರದು, ಮತ್ತು ಆಟ ಮುಗಿದ ಮೇಲೆ ಆ ವಿದ್ಯಾರ್ಥಿಯ ಕೈಯಲ್ಲಿ ಪದವಿಯ ಪತ್ರ ಉಳಿಯಿತೋ ಇಲ್ಲವೋ ಎಂಬ ಪ್ರಶ್ನೆಗಳು ಕೇಳಲ್ಪಡದೆಯೇ ಉಳಿಯುತ್ತವೆ. ಇಂದಿನ ಈ ಉಪನ್ಯಾಸದಲ್ಲಿ ನಾನು ತಮ್ಮ ಮುಂದೆ ಇಡಬಯಸುವ ಪ್ರತಿಪಾದನೆ ಒಂದೇ: ವಿಶ್ವವಿದ್ಯಾಲಯದ ಕ್ರೀಡಾತಂಡವೆಂಬುದು ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗೆ ಸಲ್ಲಿಸಬೇಕಾದ ಋಣದ ಒಂದು ರೂಪ, ಆ ಋಣ ಸಂದಿತೇ ಎಂಬುದು, ಆಟಗಾರರ ಪಟ್ಟಿ, ಸಿಬ್ಬಂದಿ, ಹಣಕಾಸು, ವಿದ್ಯಾಭ್ಯಾಸ ಎಂಬ ನಾಲ್ಕು ಲೆಕ್ಕಗಳನ್ನು ಒಂದೇ ಹಾಳೆಯ ಮೇಲಿಟ್ಟು ಓದಿದಾಗ ಮಾತ್ರ ತಿಳಿಯತಕ್ಕದ್ದು.

1. ನಮ್ಮ ಸೀಮೆಯ ಪೂರ್ವಸ್ಮೃತಿ

ವಿದ್ಯಾಸಂಸ್ಥೆಯ ಲೆಕ್ಕವನ್ನು ಹೀಗೆ ಒಟ್ಟಾಗಿ ಬರೆಯುವ ಪದ್ಧತಿ ಕಲಬುರಗಿ ಸೀಮೆಗೆ ಅಪರಿಚಿತವಾದುದಲ್ಲ. ಚಿತ್ತಾಪುರದ ಸಮೀಪದಲ್ಲಿರುವ ನಾಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹೆಸರಾಂತ ಘಟಿಕಾಸ್ಥಾನವಾಗಿದ್ದಿತು. ಅಲ್ಲಿನ ಕ್ರಿ.ಶ. 1058ರ ಶಾಸನವನ್ನು ಪರಿಶೀಲಿಸಿದ ವಿದ್ವಾಂಸರು, ವೇದಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಇವರೆಲ್ಲರ ಯೋಗಕ್ಷೇಮಕ್ಕೆಂದು ಬಿಟ್ಟ ದತ್ತಿಯ ವಿವರಗಳು ಅದರಲ್ಲಿ ಒಂದೆಡೆ ಸೇರಿರುವುದನ್ನು ಎತ್ತಿ ತೋರಿಸಿದ್ದಾರೆ. ಓದುವವರೆಷ್ಟು, ಓದಿಸುವವರಾರು, ಅವರ ಅನ್ನಕ್ಕೆ ಆಧಾರವೇನು ಎಂಬುದನ್ನು ಬೇರೆ ಬೇರೆ ಕಡತಗಳಲ್ಲಿ ಹಂಚಿಡದೆ ಊರಿನವರೆಲ್ಲ ಓದುವಂತೆ ಒಂದೇ ಕಲ್ಲಿನ ಮೇಲೆ ಕೆತ್ತಿಸಿದ ಆ ಹಿರಿಯರ ವಿವೇಕ ನಮಗೆ ಇಂದಿಗೂ ಮಾದರಿಯಾಗಬಲ್ಲುದು.

ದೇಹಸಾಧನೆಯ ವಿಷಯದಲ್ಲಿಯೂ ನಮ್ಮ ನಾಡಿನಲ್ಲಿ ಶಾಸ್ತ್ರಗ್ರಂಥದ ಆಧಾರವಿದೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲವಿನೋದವೆಂಬ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳಿಗೆ ಅನುಸಾರವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸಕ್ರಮವನ್ನೂ ನಿರೂಪಿಸುತ್ತದೆ, ಅವರ ಪೋಷಣೆಯ ಭಾರವನ್ನು ಅರಸನೇ ವಹಿಸಬೇಕೆಂದು ವಿಧಿಸುತ್ತದೆ. ಇಂದು ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಹೋಗುವವನು ತಲುಪಬಲ್ಲ ಬಸವಕಲ್ಯಾಣವೇ ಆ ಅರಸನ ರಾಜಧಾನಿ. ಆಟವನ್ನು ನೋಡಿ ಆನಂದಪಡುವವನು ಆಟಗಾರನ ಪೋಷಣೆಗೂ ಬಾಧ್ಯನೆಂಬ ತತ್ತ್ವ ಹೀಗೆ ನಮ್ಮ ನೆಲದಲ್ಲಿಯೇ ಎಂಟುನೂರು ವರ್ಷಗಳಿಗೂ ಹಿಂದೆ ಉಕ್ತವಾಗಿದೆ.

ಆಧುನಿಕ ವಿದ್ಯಾಭ್ಯಾಸ ಈ ಪ್ರದೇಶಕ್ಕೆ ತಡವಾಗಿ, ಅನೇಕ ಪಲ್ಲಟಗಳ ನಡುವೆ ಬಂದಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಮಾಧ್ಯಮ ಉರ್ದು. ಕನ್ನಡದ ಮನೆಯಿಂದ ಹೋದ ಹುಡುಗನು ಮೊದಲು ಭಾಷೆಯೊಡನೆ ಹೆಣಗಿ ಅನಂತರ ವಿಷಯವನ್ನು ಕಲಿಯಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, ಇಲ್ಲಿನ ಉನ್ನತ ಶಿಕ್ಷಣ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. 1970ರಲ್ಲಿ ಸ್ನಾತಕೋತ್ತರ ಕೇಂದ್ರವೊಂದು ಇಲ್ಲಿಯೇ ನೆಲೆಗೊಂಡಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾಗಿ ಉದಯಿಸಿತು. ಅಲ್ಲಿಂದೀಚೆಗೆ 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ, 2018ರಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಸೇರಿ, ಒಂದು ಕಾಲಕ್ಕೆ ಪದವಿಗಾಗಿ ಪರಸ್ಥಳವನ್ನು ಆಶ್ರಯಿಸಿದ್ದ ಜಿಲ್ಲೆಯೇ ಇಂದು ವಿಶ್ವವಿದ್ಯಾಲಯಗಳ ಜಿಲ್ಲೆಯಾಗಿದೆ. ಸಂಸ್ಥೆಗಳನ್ನು ಕಟ್ಟುವ ಕಾರ್ಯ ಬಹಳಮಟ್ಟಿಗೆ ಆಯಿತು. ಅವುಗಳಿಂದ ವಿದ್ಯಾರ್ಥಿಗೆ ಏನೇನು ಸಲ್ಲಬೇಕೆಂಬುದನ್ನು ಸೂಕ್ಷ್ಮವಾಗಿ ವಿಚಾರಿಸುವ ಕಾಲ ಇದೀಗ ಬಂದಿದೆ.

2. ಬೇಸ್‌ಬಾಲನ್ನು ಒರೆಗಲ್ಲಾಗಿ ಆರಿಸಿದುದೇಕೆ

ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಕುಸ್ತಿಗಳ ಈ ಸೀಮೆಯಲ್ಲಿ ನಾನು ಬೇಸ್‌ಬಾಲನ್ನು ಉದಾಹರಣೆಯಾಗಿ ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿ ಬೇಸ್‌ಬಾಲಿಗೂ ಅದರ ಸಹೋದರ ಕ್ರೀಡೆಯಾದ ಸಾಫ್ಟ್‌ಬಾಲಿಗೂ ಸ್ಥಾನವುಂಟು. ಆದರೆ ನಮ್ಮಲ್ಲಿ ಅದಕ್ಕೆ ಪ್ರೇಕ್ಷಕರಿಲ್ಲ, ಪ್ರಾಯೋಜಕರಿಲ್ಲ, ಪತ್ರಿಕೆಗಳ ಆಸ್ಥೆಯಿಲ್ಲ. ಜನಪ್ರಿಯವಾದ ಆಟ ಹೇಗೂ ಬದುಕಿಕೊಳ್ಳುತ್ತದೆ. ವಿಶ್ವವಿದ್ಯಾಲಯವು ತನ್ನ ಧರ್ಮವೆಂದು ಭಾವಿಸಿ ಏನನ್ನು ನಡೆಸುತ್ತದೆಂಬುದು ಗೊತ್ತಾಗುವುದು ಇಂಥ ಆಟದಲ್ಲಿ. ಇನ್ನೊಂದು ಕಾರಣವೆಂದರೆ, ಇದೇ ಆಟ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅತ್ಯಂತ ವಿಸ್ತಾರವಾಗಿ ಬೆಳೆದು, ಅದರ ಪಟ್ಟಿ, ವೇತನ, ವಿದ್ಯಾರ್ಥಿವೇತನ, ವ್ಯಾಸಂಗ ಇವುಗಳೆಲ್ಲ ನಿಯಮಗಳಿಂದ ಕಟ್ಟುಗೊಂಡಿವೆ. ಅವರ ಅನುಭವದಿಂದ ಗ್ರಹಿಸತಕ್ಕದ್ದನ್ನೂ ತ್ಯಜಿಸತಕ್ಕದ್ದನ್ನೂ ನಾವು ಸ್ಪಷ್ಟವಾಗಿ ಕಾಣಬಹುದು.

ಅಮೆರಿಕದ ಕಾಲೇಜುಗಳ ನಡುವೆ ನಡೆದ ಮೊದಲ ಬೇಸ್‌ಬಾಲ್ ಪಂದ್ಯ 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಪಿಟ್ಸ್‌ಫೀಲ್ಡಿನಲ್ಲಿ ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ ಎಂಬ ಎರಡು ಕಾಲೇಜುಗಳ ನಡುವೆ ಜರುಗಿತು. ಅಂದಿನ ನಿಯಮಗಳು ಇಂದಿನವುಗಳಿಗಿಂತ ಭಿನ್ನವಾಗಿದ್ದುದರಿಂದ 73-32ರಷ್ಟು ದೊಡ್ಡ ಅಂತರದಲ್ಲಿ ಆಮ್‌ಹರ್ಸ್ಟ್ ಗೆದ್ದಿತು. ಇದಕ್ಕಿಂತ ಮನನೀಯವಾದ ಸಂಗತಿ ಮತ್ತೊಂದಿದೆ: ಚೆಂಡಿನ ಪಂದ್ಯದ ಜೊತೆಗೇ ಆ ಎರಡು ಕಾಲೇಜುಗಳ ನಡುವೆ ಚದುರಂಗದ ಪಂದ್ಯವೂ ಏರ್ಪಟ್ಟಿತ್ತು. ಬಾಹುಬಲಕ್ಕೂ ಬುದ್ಧಿಬಲಕ್ಕೂ ಒಂದೇ ಸಮಯದಲ್ಲಿ ಪರೀಕ್ಷೆಯೊಡ್ಡಿದ ಆ ವಿದ್ಯಾರ್ಥಿಗಳಲ್ಲಿ, ಆಟವು ವಿದ್ಯೆಯ ನೆರೆಮನೆಯೆಂಬ ಭಾವನೆ ಸಹಜವಾಗಿಯೇ ಇದ್ದಿತೆಂದು ಊಹಿಸಬಹುದು. ಮುಂದೆ ಆಟ ಬೆಳೆದು, ಪ್ರೇಕ್ಷಕರು ನೆರೆದು, ಹಣ ಹರಿದುಬಂದಂತೆ ಆ ನೆರೆಹೊರೆ ಸಡಿಲವಾಯಿತು. 1906ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘ ನಿಯಂತ್ರಣಕ್ಕಾಗಿ ಹುಟ್ಟಿಕೊಂಡಿತು. 1929ರಲ್ಲಿ ಕಾರ್ನೆಗೀ ಪ್ರತಿಷ್ಠಾನವು ಪ್ರಕಟಿಸಿದ ವಿಚಾರಣಾ ವರದಿಯು, ಆಟಗಾರರನ್ನು ಹಣಕೊಟ್ಟು ಸೆಳೆಯುವ ಪರಿಪಾಠ ಕಾಲೇಜುಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ನಿರ್ದಾಕ್ಷಿಣ್ಯವಾಗಿ ಬಯಲುಮಾಡಿತು.

ಅಲ್ಲಿ ಕ್ರೀಡೆ ವಿದ್ಯೆಯನ್ನು ಮೀರಿ ಬೆಳೆಯಿತು; ನಮ್ಮಲ್ಲಿ ಅದು ವಿದ್ಯೆಯ ಬಾಗಿಲ ಹೊರಗೇ ನಿಂತಿತು. ಎರಡು ಅತಿಗಳಿಗೂ ಮೂಲವಾದ ದೋಷ ಒಂದೇ. ಆಟಗಾರನು ಮೊದಲು ವಿದ್ಯಾರ್ಥಿ ಎಂಬುದನ್ನು ಒಂದು ಪದ್ಧತಿ ಸಂಪತ್ತಿನ ನಡುವೆ ಮರೆಯಿತು, ಇನ್ನೊಂದು ಅಭಾವದ ನಡುವೆ ಮರೆಯಿತು.

3. ಆಟಗಾರರ ಪಟ್ಟಿ

ನಾಲ್ಕು ಲೆಕ್ಕಗಳಲ್ಲಿ ಮೊದಲನೆಯದು ಪಟ್ಟಿ. ಬೇಸ್‌ಬಾಲಿನ ಮೈದಾನಕ್ಕೆ ಇಳಿಯುವವರು ಒಂಬತ್ತು ಮಂದಿ. ಆದರೆ ಚೆಂಡೆಸೆಯುವ ಪಿಚ್ಚರನು ನಿತ್ಯವೂ ಎಸೆಯಲಾರನಾದುದರಿಂದ, ಹಾಗೂ ಅವನ ಎದುರು ಕುಳಿತು ಚೆಂಡು ಹಿಡಿಯುವ ಕ್ಯಾಚರನ ಕೆಲಸ ಎಲ್ಲರಿಗೂ ಬಾರದಾದುದರಿಂದ, ತಂಡವೆಂಬುದು ಒಂಬತ್ತಕ್ಕಿಂತ ಬಹಳ ದೊಡ್ಡದಾಗಿರಲೇಬೇಕು. ಅಮೆರಿಕದ ಅಗ್ರಶ್ರೇಣಿಯ ಕಾಲೇಜುಗಳಿಗಾಗಿ 2025ರಲ್ಲಿ ನ್ಯಾಯಾಲಯದ ಅಂಗೀಕಾರ ಪಡೆದ ಒಪ್ಪಂದವೊಂದು ಅದನ್ನು ಒಪ್ಪಿಕೊಂಡ ಸಂಸ್ಥೆಗಳ ಬೇಸ್‌ಬಾಲ್ ಪಟ್ಟಿಯನ್ನು 34 ಮಂದಿಗೆ ಸೀಮಿತಗೊಳಿಸಿತು. ಸಂಖ್ಯೆಯ ಮಿತಿ ನಿಶ್ಚಿತವಾದೊಡನೆ, ವಿದ್ಯಾರ್ಥಿವೇತನದ ಅಪೇಕ್ಷೆಯಿಲ್ಲದೆ ಆಟದ ಮೇಲಣ ಪ್ರೀತಿಯಿಂದಲೇ ತಂಡದಲ್ಲಿದ್ದವರು ಮೊದಲು ಸ್ಥಾನ ಕಳೆದುಕೊಳ್ಳುವ ಭೀತಿ ಅಲ್ಲಿ ಉಂಟಾಯಿತು. ನಮ್ಮ ಸಮಸ್ಯೆ ಇದಕ್ಕೆ ವಿಪರೀತವಾದುದು. ಇಲ್ಲಿ ಪಟ್ಟಿ ತುಂಬಿ ಹೊರಗುಳಿಯುವವರಿಗಿಂತ, ಪಟ್ಟಿಯೊಂದು ಉಂಟೆಂಬುದೇ ತಿಳಿಯದೆ ಹೊರಗುಳಿಯುವವರು ಹೆಚ್ಚು.

ಕಮಲಾಪುರವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದಲ್ಲಿರುವ, ಇತ್ತೀಚೆಗೆ ತಾಲೂಕು ಕೇಂದ್ರದ ಪದವಿಗೆ ಏರಿರುವ ಊರು ಅದು. ಕಲಬುರಗಿ ನಗರದ ವಿದ್ಯಾರ್ಥಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಾಗಲಿ ನೂತನ ವಿದ್ಯಾಲಯದ ಮೈದಾನವಾಗಲಿ ಕಾಲ್ನಡಿಗೆಯ ಅಂತರದಲ್ಲಿದ್ದೀತು. ಕಮಲಾಪುರದ ಕಡೆಯ ವಿದ್ಯಾರ್ಥಿ ಬೆಳಗಿನ ಅಭ್ಯಾಸಕ್ಕೆ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವನ್ನು ಮುಟ್ಟಬೇಕಾದರೆ, ಮೊದಲು ನಗರದ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಸೇಡಂ ರಸ್ತೆಯ ಇನ್ನೊಂದು ಬಸ್ಸನ್ನು ಹಿಡಿಯಬೇಕು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಗೆ ಬಸ್ಸಿನ ಖರ್ಚು ತಪ್ಪಿದೆ. ಆದರೆ ಸೂರ್ಯೋದಯದ ಅಭ್ಯಾಸಕ್ಕೆ ಸಕಾಲದಲ್ಲಿ ಮುಟ್ಟಿಸುವ ಬಸ್ಸೂ, ಸಂಜೆಯ ಅಭ್ಯಾಸ ಮುಗಿದ ಮೇಲೆ ಸುರಕ್ಷಿತವಾಗಿ ಊರು ಸೇರುವ ಏರ್ಪಾಡೂ ಇಲ್ಲದಿದ್ದರೆ ಉಚಿತ ಟಿಕೆಟಿನಿಂದ ಅವಳು ತಂಡವನ್ನು ಸೇರಲಾರಳು. ಆಯ್ಕೆಯ ಟ್ರಯಲ್ಸ್ ಎಲ್ಲರಿಗೂ ಮುಕ್ತವೆಂದು ಸುತ್ತೋಲೆ ಹೊರಡಿಸಿದ ಮಾತ್ರಕ್ಕೆ ಆಯ್ಕೆ ಮುಕ್ತವಾಗದು. ದೂರವೂ ಒಂದು ಬಗೆಯ ಅನರ್ಹತೆಯೇ; ನಿಯಮಾವಳಿಯಲ್ಲಿ ಬರೆಯದೆ ಇರುವ ಅನರ್ಹತೆಯಾದುದರಿಂದ ಅದನ್ನು ಯಾರೂ ಪ್ರಶ್ನಿಸುವಂತಿಲ್ಲ.

ಕಾಲದ ಪ್ರಶ್ನೆಯೂ ಇದರೊಡನೆ ಬೆಸೆದುಕೊಂಡಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬೇಸ್‌ಬಾಲಿನ ಬ್ಯಾಟನ್ನು ಮೊದಲು ಹಿಡಿಯುವುದೇ ಕಾಲೇಜಿಗೆ ಸೇರಿದ ಮೇಲೆ. ಕ್ರಿಕೆಟಿನಲ್ಲಿ ಬೌಂಡರಿಯಿಂದ ಚೆಂಡೆಸೆದ ತೋಳು, ಖೊಖೊದಲ್ಲಿ ಥಟ್ಟನೆ ತಿರುಗಿ ಓಡಿದ ಕಾಲು ಇವೆರಡೂ ಈ ಆಟಕ್ಕೆ ಒಳ್ಳೆಯ ಪೂರ್ವಸಿದ್ಧತೆಯೇ ಸರಿ. ಆದರೂ ನೆಲಕ್ಕೆ ತಾಗದೆ ನೇರವಾಗಿ ಬರುವ ಚೆಂಡನ್ನು ದುಂಡನೆಯ ಬ್ಯಾಟಿನಿಂದ ಹೊಡೆಯುವ ಕೌಶಲ ಒಂದು ಹಂಗಾಮಿನಲ್ಲಿ ಕೈವಶವಾಗತಕ್ಕದ್ದಲ್ಲ. ಕಮಲಾಪುರದ ರೈತನಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಅಲ್ಲಿನ ಕೆಂಪು ಬಾಳೆ, ಇತರ ಬಾಳೆಗಳಂತೆ ವರ್ಷದೊಳಗೆ ಗೊನೆ ಕೊಡದೆ ಸುಮಾರು 18 ತಿಂಗಳು ನೀರನ್ನೂ ಗೊಬ್ಬರವನ್ನೂ ಆರೈಕೆಯನ್ನೂ ಬೇಡುತ್ತದೆ, ಮತ್ತು ಆ ಅವಧಿಯನ್ನು ತಾಳಿಕೊಂಡವನಿಗೆ ಮಾತ್ರ ಫಲ ಕೊಡುತ್ತದೆ. ಪಂದ್ಯಾವಳಿಗೆ ಕೆಲವೇ ದಿನ ಮುಂಚೆ ತಂಡ ಕಟ್ಟುವ ಪದ್ಧತಿಯಲ್ಲಿ ಇಂಥ ಫಲವನ್ನು ಅಪೇಕ್ಷಿಸಲಾಗದು. ಪ್ರಥಮ ಸೆಮಿಸ್ಟರಿನಲ್ಲಿಯೇ ಹೆಸರು ದಾಖಲಿಸಿಕೊಂಡು, ಆಡುವ ತಂಡದ ಹಿಂದೆ ಕಲಿಯುವ ತಂಡವೊಂದನ್ನು ಸದಾ ಬೆಳೆಸುತ್ತಿರುವುದೇ ಪಟ್ಟಿಯನ್ನು ರಚಿಸುವ ನ್ಯಾಯವಾದ ಮಾರ್ಗ.

4. ಸಿಬ್ಬಂದಿ

ಪಟ್ಟಿಯಿಂದ ನಾವು ಸಹಜವಾಗಿ ಸಿಬ್ಬಂದಿಯ ವಿಚಾರಕ್ಕೆ ಬರುತ್ತೇವೆ. ಏಕೆಂದರೆ ಕಲಿಯುವ ತಂಡವಿರಬೇಕಾದರೆ ಕಲಿಸುವವನು ವರ್ಷವಿಡೀ ಇರಬೇಕು. ಭಾರತದಲ್ಲಿ ದೈಹಿಕ ಶಿಕ್ಷಣವನ್ನು ಶಾಸ್ತ್ರೀಯವಾದ ವೃತ್ತಿಯನ್ನಾಗಿ ರೂಪಿಸುವ ಕಾರ್ಯ 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ಆಶ್ರಯದಲ್ಲಿ ಸ್ಥಾಪಿಸಿದ ಕಾಲೇಜಿನಿಂದ ಆರಂಭವಾಯಿತು. 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆ ಕಾರ್ಯವನ್ನು ಮುಂದುವರಿಸಿದುವು. ಈ ಪರಂಪರೆಯಲ್ಲಿ ಎರಡು ಬಗೆಯ ವಿದ್ಯೆಗಳು ಸ್ಪಷ್ಟವಾಗಿ ಬೇರೆಯಾಗಿವೆ: ದೈಹಿಕ ಶಿಕ್ಷಣದ ನಿರ್ದೇಶಕನ ವಿದ್ಯೆಯೊಂದು, ನಿರ್ದಿಷ್ಟವಾದ ಆಟವೊಂದರ ತರಬೇತುದಾರನ ವಿದ್ಯೆ ಇನ್ನೊಂದು. ನಮ್ಮ ಪದವಿ ಕಾಲೇಜುಗಳಲ್ಲಿ ಈ ಎರಡೂ, ನಿರ್ದೇಶಕನಿದ್ದ ಕಡೆ, ಒಬ್ಬನ ಹೆಗಲ ಮೇಲೆಯೇ ಬೀಳುತ್ತವೆ. ಪ್ರವೇಶಾತಿಯ ಸಮಿತಿ, ಶಿಸ್ತುಪಾಲನೆ, ಪರೀಕ್ಷಾ ಕರ್ತವ್ಯ, ರಾಷ್ಟ್ರೀಯ ಹಬ್ಬಗಳ ಸಿದ್ಧತೆ ಇವೆಲ್ಲವುಗಳ ನಡುವೆ ಹತ್ತಾರು ಆಟಗಳಿಗೆ ಒಬ್ಬನೇ ಗುರುವಾಗಿರಬೇಕೆಂದು ಅಪೇಕ್ಷಿಸುವುದು, ಭಾಷೆ, ಗಣಿತ, ರಸಾಯನಶಾಸ್ತ್ರಗಳನ್ನು ಒಬ್ಬ ಅಧ್ಯಾಪಕನೇ ಬೋಧಿಸಬೇಕೆಂದು ವಿಧಿಸಿದಷ್ಟೇ ಅನುಚಿತವಾದುದು.

ಬೇಸ್‌ಬಾಲಿನಲ್ಲಿ ಈ ಕೊರತೆ ಆಟಗಾರನ ದೇಹಕ್ಕೇ ಹಾನಿ ತರಬಲ್ಲುದು. ಪಿಚ್ಚರನು 18.44 ಮೀಟರು ದೂರದಲ್ಲಿರುವ ಹೋಮ್ ಪ್ಲೇಟಿನ ಕಡೆಗೆ ಪೂರ್ಣಬಲದಿಂದ ಚೆಂಡೆಸೆಯುವಾಗ ಅವನ ಭುಜದ ಮೇಲೂ ಮೊಣಕೈಯ ಒಳಬದಿಯ ಸ್ನಾಯುಬಂಧದ ಮೇಲೂ ಅಪಾರವಾದ ಎಳೆತ ಬೀಳುತ್ತದೆ. ಈ ಕಾರಣದಿಂದ ಅಮೆರಿಕದ ಬೇಸ್‌ಬಾಲ್ ವೈದ್ಯರೂ ಸಂಸ್ಥೆಗಳೂ ವಯಸ್ಸಿಗೆ ಅನುಗುಣವಾಗಿ ಎಸೆತಗಳ ಮಿತಿಯನ್ನು ಗೊತ್ತುಮಾಡಿವೆ. 17-18 ವಯಸ್ಸಿನವರಿಗೆ ದಿನವೊಂದಕ್ಕೆ 105ಕ್ಕಿಂತ ಹೆಚ್ಚು ಎಸೆತಗಳು ಸಲ್ಲವು, ಹೆಚ್ಚು ಎಸೆದ ದಿನದ ತರುವಾಯ ಕಡ್ಡಾಯವಾಗಿ ವಿಶ್ರಾಂತಿಯ ದಿನಗಳು ಬೇಕು. ಮೈದಾನದ ಅಂಚಿನಲ್ಲಿ ಕಾಗದ, ಪೆನ್ಸಿಲು ಹಿಡಿದು ಒಂದೊಂದು ಎಸೆತಕ್ಕೂ ಗೀಟು ಹಾಕುತ್ತ, ಮಿತಿ ಮುಟ್ಟಿದೊಡನೆ ಪಂದ್ಯ ಸೋಲುವಂತಿದ್ದರೂ ಹುಡುಗನನ್ನು ಹಿಂದಕ್ಕೆ ಕರೆಯುವ ಅಧಿಕಾರವುಳ್ಳ ಒಬ್ಬ ವ್ಯಕ್ತಿ ಇದ್ದಾಗ ಮಾತ್ರ ಈ ನಿಯಮಕ್ಕೆ ಅರ್ಥವುಂಟು. ಪಂದ್ಯಾವಳಿಗೆಂದು ಕೆಲವು ದಿನಗಳ ಮಟ್ಟಿಗೆ ಟೀಮ್ ಮ್ಯಾನೇಜರನಾಗಿ ಹೋದವನಿಂದ ಆ ಧೈರ್ಯವನ್ನು ನಿರೀಕ್ಷಿಸುವಂತಿಲ್ಲ. ಹುಡುಗನ ತೋಳು ಕಳೆದ ತಿಂಗಳು ಹೇಗಿತ್ತೆಂಬುದು ಅವನಿಗೆ ತಿಳಿದಿರುವುದಿಲ್ಲ.

ಅಮೆರಿಕದಲ್ಲಿಯೂ ಬೇಸ್‌ಬಾಲಿನ ಒಬ್ಬ ಸಹಾಯಕ ತರಬೇತುದಾರನನ್ನು ಬಹುಕಾಲ ‘ಸ್ವಯಂಸೇವಕ’ನೆಂದು ಹೆಸರಿಸಿ, ಸಂಬಳವಿಲ್ಲದೆ ದುಡಿಸಿಕೊಳ್ಳುವ ನಿಯಮವಿತ್ತು, 2023ರ ಜುಲೈಯಿಂದ ಆ ವರ್ಗವನ್ನೇ ರದ್ದುಮಾಡಿ, ಆ ಸ್ಥಾನಕ್ಕೂ ವೇತನ ಕೊಡಲು ಅವಕಾಶವಾಯಿತು. ಗುರುವಿನ ಪರಿಶ್ರಮವನ್ನು ಬಿಟ್ಟಿಯಾಗಿ ಪಡೆಯುವ ಸಂಸ್ಥೆ ಶಿಷ್ಯನಿಗೆ ನ್ಯಾಯ ಸಲ್ಲಿಸಲಾರದೆಂಬುದನ್ನು ಸಂಪನ್ನ ದೇಶವೊಂದು ತಡವಾಗಿಯಾದರೂ ಒಪ್ಪಿಕೊಂಡಿತು. ತಾತ್ಕಾಲಿಕ ನೇಮಕಗಳ ಮೇಲೆ ಶಿಕ್ಷಣವನ್ನು ನಡೆಸುವ ಅಭ್ಯಾಸವುಳ್ಳ ನಾವು ಈ ಪಾಠವನ್ನು ಕಲಿಯುವುದು ಅಗತ್ಯ. ಪ್ರತಿ ಕಾಲೇಜಿಗೂ ಪ್ರತಿ ಆಟದ ತರಬೇತುದಾರನನ್ನು ನೇಮಿಸುವುದು ಅಸಾಧ್ಯವೆಂಬುದು ನಿಜ. ಆದರೆ ವಿಶ್ವವಿದ್ಯಾಲಯವು ಆಟಕ್ಕೊಬ್ಬ ಪೂರ್ಣಾವಧಿಯ ತರಬೇತುದಾರನನ್ನು ನೇಮಿಸಿಕೊಂಡು, ಅವನು ವಾರದಲ್ಲಿ ಗೊತ್ತಾದ ದಿನ ಕಮಲಾಪುರದಂಥ ತಾಲೂಕು ಕೇಂದ್ರಗಳಿಗೆ ತಾನೇ ಹೋಗಿ ಕಲಿಸುವಂತೆ ಏರ್ಪಡಿಸುವುದು ಅಸಾಧ್ಯವಲ್ಲ. ಮೂವತ್ತು ವಿದ್ಯಾರ್ಥಿಗಳು ನಗರಕ್ಕೆ ಬರುವುದಕ್ಕಿಂತ ಒಬ್ಬ ಗುರು ಊರಿಗೆ ಹೋಗುವುದು ಸುಲಭ, ಮಿತವ್ಯಯ, ಮತ್ತು ಗೌರವಯುತ.

5. ಹಣಕಾಸು

ಹಣದ ವಿಚಾರದಲ್ಲಿ ಮೊದಲು ನೆನೆಯಬೇಕಾದುದು ಅದರ ಮೂಲವನ್ನು. ಪ್ರವೇಶದ ಸಮಯದಲ್ಲಿ ಕ್ರೀಡಾಶುಲ್ಕವನ್ನು ತೆರುವವರು ಆಟಗಾರರು ಮಾತ್ರವಲ್ಲ. ಮೂರು ವರ್ಷಗಳಲ್ಲಿ ಒಮ್ಮೆಯೂ ಮೈದಾನಕ್ಕೆ ಇಳಿಯದ ವಿದ್ಯಾರ್ಥಿನಿಯೂ ಅದನ್ನು ತೆತ್ತಿರುತ್ತಾಳೆ. ಹಲವರ ಕಾಣಿಕೆಯಿಂದ ಕೆಲವರ ಸಾಧನೆ ನಡೆಯುವುದು ದಾಸೋಹದ ತತ್ತ್ವಕ್ಕೆ ಒಪ್ಪುವಂಥದೇ. ಶರಣಬಸವೇಶ್ವರರ ದಾಸೋಹದ ನೆರಳಿನಲ್ಲಿ ಬೆಳೆದ ಕಲಬುರಗಿಗೆ ಇದು ಅರ್ಥವಾಗದ ಮಾತಲ್ಲ. ಆದರೆ ದಾಸೋಹದಲ್ಲಿ ಕೊಡುವವನಿಗೆ ಅಹಂಕಾರ ಸಲ್ಲದಂತೆಯೇ ನಿರ್ವಹಿಸುವವನಿಗೆ ಗೋಪ್ಯವೂ ಸಲ್ಲದು. ಶುಲ್ಕ ಎಷ್ಟು ಕೂಡಿತು, ಕಾಲೇಜಿನಲ್ಲಿ ಉಳಿದುದೆಷ್ಟು, ವಿಶ್ವವಿದ್ಯಾಲಯಕ್ಕೆ ಸಂದುದೆಷ್ಟು, ಯಾವ ಆಟಕ್ಕೆ ಎಷ್ಟು ವ್ಯಯವಾಯಿತು, ಹುಡುಗರ ತಂಡಕ್ಕೆಷ್ಟು, ಹುಡುಗಿಯರ ತಂಡಕ್ಕೆಷ್ಟು ಎಂಬ ವಿವರ ಶುಲ್ಕ ತೆತ್ತವರೆಲ್ಲರಿಗೂ ಕಾಣುವಂತಿರಬೇಕು.

ಹಣದ ಅಭಾವ ಪಟ್ಟಿಯನ್ನೇ ತಿದ್ದುವ ಬಗೆಯನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಬೇಸ್‌ಬಾಲಿನಲ್ಲಿ ಕ್ಷೇತ್ರರಕ್ಷಣೆಗೆ ನಿಂತ ಪ್ರತಿಯೊಬ್ಬನಿಗೂ ಚರ್ಮದ ಗ್ಲೌಸು ಬೇಕು. ಕ್ಯಾಚರನಿಗೆ ದಪ್ಪನೆಯ ಬೇರೆಯೇ ಗ್ಲೌಸು, ಮುಖಕವಚ, ಎದೆಕವಚ, ಕಾಲುಕವಚಗಳು ಬೇಕು. ಬಲಗೈಯಿಂದ ಎಸೆಯುವವನು ಗ್ಲೌಸನ್ನು ಎಡಗೈಗೆ ತೊಡುತ್ತಾನೆ. ಎಡಗೈಯಿಂದ ಎಸೆಯುವವನಿಗೆ ಬಲಗೈಗೆ ತೊಡುವ ಗ್ಲೌಸು ಬೇಕು, ಒಂದನ್ನು ಇನ್ನೊಂದರ ಬದಲಿಗೆ ಬಳಸುವಂತಿಲ್ಲ. ಕಾಲೇಜಿನ ಕ್ರೀಡಾಸಾಮಗ್ರಿಯ ಕೋಣೆಯಲ್ಲಿ ಬಲಗೈಯವರಿಗೆ ಹೊಂದುವ ಗ್ಲೌಸುಗಳಷ್ಟೇ ಇದ್ದರೆ, ಈ ಆಟದಲ್ಲಿ ಬಹು ಬೆಲೆಯುಳ್ಳವನೆಂದು ಗಣಿತನಾದ ಎಡಗೈಯ ಪಿಚ್ಚರನು ಮೊದಲ ದಿನವೇ ಮೈದಾನದಿಂದ ಹಿಂದಿರುಗಬೇಕಾಗುತ್ತದೆ. ಅವನನ್ನು ಆಯ್ಕೆ ಸಮಿತಿ ಕೈಬಿಟ್ಟಿರುವುದಿಲ್ಲ. ಖರೀದಿಯ ಪಟ್ಟಿ ಕೈಬಿಟ್ಟಿರುತ್ತದೆ.

ಮೈದಾನದ ವಿಚಾರವೂ ಹಾಗೆಯೇ. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ಎರೆಮಣ್ಣು ಬೇಸಾಯಕ್ಕೆ ವರವಾದರೂ ಆಟದ ಅಂಗಳಕ್ಕೆ ಕಠಿನವಾದುದು. ಮಳೆಯಲ್ಲಿ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಪಾದ ಸಿಕ್ಕುವಷ್ಟು ಬಿರುಕುಬಿಡುತ್ತದೆ. ಬೇಸ್‌ಬಾಲಿನ ಚೌಕದ ಒಂದೊಂದು ಬದಿ 27.43 ಮೀಟರು, ಆ ಹಾದಿಯುದ್ದಕ್ಕೂ ಓಡಿಬಂದು ನೆಲದ ಮೇಲೆ ಜಾರುವ ಆಟಗಾರನ ಮೊಣಕಾಲು ಉಳಿಯಬೇಕಾದರೆ ಎರೆಯನ್ನು ಅಗೆದು ತೆಗೆದು, ಗರಸು ಹಾಸಿ, ನೀರು ಹೊಡೆದು, ರೋಲರ್ ಎಳೆದು ಹದಮಾಡಬೇಕು, ಹದಮಾಡಿದುದನ್ನು ವರ್ಷವರ್ಷವೂ ಕಾಯ್ದುಕೊಳ್ಳಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂಥ ಮೂಲಗಳಿಂದ ಕಟ್ಟಡಕ್ಕೂ ಕಾಮಗಾರಿಗೂ ಒಮ್ಮೆ ಹಣ ದೊರೆತೀತು. ಆದರೆ ನೀರು ಹೊಡೆಯುವವನ ಕೂಲಿಗೆ, ಹರಿದ ನೆಟ್ಟಿಗೆ, ಸವೆದ ಚೆಂಡಿಗೆ ಪ್ರತಿವರ್ಷದ ಆಯವ್ಯಯದಲ್ಲಿ ನಿಶ್ಚಿತವಾದ ಬಾಬು ಇಲ್ಲದೆ ಹೋದರೆ ಉದ್ಘಾಟನೆಯಾದ ಮೈದಾನ ಕೆಲವೇ ವರ್ಷಗಳಲ್ಲಿ ಜಾಲಿಯ ಪಾಲಾಗುತ್ತದೆ. ಇಂಥ ಆವರ್ತಕ ವೆಚ್ಚವನ್ನು ಹೊತ್ತುಕೊಳ್ಳಲೆಂದೇ ನಮ್ಮ ಪೂರ್ವಿಕರು ದತ್ತಿಯೆಂಬ ಸಂಸ್ಥೆಯನ್ನು ಕಲ್ಪಿಸಿದರು. ಮೂಲಧನ ಅಕ್ಷಯವಾಗಿದ್ದು ಅದರ ಆದಾಯ ಕಾಲಕಾಲಕ್ಕೆ ಕಾರ್ಯಕ್ಕೆ ಒದಗುವುದೇ ಅದರ ಸಾರ.

ಅಮೆರಿಕದ ಹಣಕಾಸಿನಿಂದ ನಾವು ಎಚ್ಚರಿಕೆಯನ್ನು ಕಲಿಯಬೇಕು. ಅಲ್ಲಿಯೂ ಬೇಸ್‌ಬಾಲ್ ಸಿರಿವಂತ ಆಟವಾಗಿರಲಿಲ್ಲ: ಬಹುಕಾಲ ತಂಡವೊಂದಕ್ಕೆ ಒಟ್ಟು 11.7 ಪೂರ್ಣ ವಿದ್ಯಾರ್ಥಿವೇತನಗಳಷ್ಟೇ ಮಿತಿ. ಅವುಗಳನ್ನು ಇಪ್ಪತ್ತಕ್ಕೂ ಮೇಲ್ಪಟ್ಟ ಆಟಗಾರರಲ್ಲಿ ಹಂಚಬೇಕಾಗಿದ್ದುದರಿಂದ ಉಳಿದ ಖರ್ಚನ್ನು ತಂದೆತಾಯಿಗಳು ಭರಿಸುತ್ತಿದ್ದರು. 2025ರ ಒಪ್ಪಂದದ ತರುವಾಯ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಎಲ್ಲ ಕ್ರೀಡೆಗಳ ಆಟಗಾರರಿಗೆ ಒಟ್ಟಾಗಿ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದಾಗಿದೆ. ಆಟಗಾರನ ದುಡಿಮೆಗೆ ಪ್ರತಿಫಲ ದೊರೆತುದು ನ್ಯಾಯವೇ ಆದರೂ, ಹಣ ತರುವ ಆಟಗಳ ಕಡೆಗೆ ಹಣ ಹರಿದು, ಹಣ ತರದ ಆಟಗಳು ತಮ್ಮ ಅಸ್ತಿತ್ವಕ್ಕೇ ಸಮರ್ಥನೆ ಕೊಡಬೇಕಾದ ಸ್ಥಿತಿ ಅಲ್ಲಿ ಒದಗಿದೆ. ಆದಾಯವನ್ನೇ ಅರ್ಹತೆಯೆಂದು ತಿಳಿಯುವ ತರ್ಕವನ್ನು ಒಪ್ಪಿದರೆ, ಸಂಸ್ಕೃತ, ಪ್ರಾಕೃತ, ಶಾಸನಶಾಸ್ತ್ರಗಳ ವಿಭಾಗಗಳಿಗೂ ನಾಳೆ ಅದೇ ಪ್ರಶ್ನೆ ಬಂದೀತು.

6. ವಿದ್ಯಾಭ್ಯಾಸ

ನಾಲ್ಕನೆಯ ಲೆಕ್ಕ ಮಿಕ್ಕ ಮೂರಕ್ಕೂ ಅರ್ಥ ಕೊಡತಕ್ಕದ್ದು. ವಿಶ್ವವಿದ್ಯಾಲಯದ ಮೈದಾನದಲ್ಲಿ ಆಡಿದವರಲ್ಲಿ ಆಟದಿಂದಲೇ ಜೀವನ ಸಾಗಿಸುವವರು ಯಾವ ದೇಶದಲ್ಲಿಯೂ ಅತ್ಯಲ್ಪ. ಭಾರತದಲ್ಲಿ ಬೇಸ್‌ಬಾಲ್ ಆಡಿದವನಿಗೆ ಆ ದಾರಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಆದುದರಿಂದ ಅವನ ಪದವಿ ಕೆಟ್ಟರೆ, ವಿಶ್ವವಿದ್ಯಾಲಯವು ತನ್ನ ಕೀರ್ತಿಗಾಗಿ ಅವನ ಭವಿಷ್ಯವನ್ನು ವ್ಯಯಮಾಡಿದಂತಾಯಿತು.

ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿ, ಈ ಪ್ರದೇಶದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿಯ ಬಾಗಿಲನ್ನು ತೆರೆದಿದೆ. ದಶಕಗಳ ಹೋರಾಟದಿಂದ ದೊರೆತ ಈ ಸೌಲಭ್ಯದಲ್ಲಿ ಪದವೀಧರನಿಗೆಂದು ಮೀಸಲಾದ ಹುದ್ದೆ ಪದವಿ ಕೈಯಲ್ಲಿದ್ದವನಿಗೆ ಮಾತ್ರ ದಕ್ಕುತ್ತದೆ. ಸೆಮಿಸ್ಟರ್ ಪರೀಕ್ಷೆಯೂ ಪಂದ್ಯಾವಳಿಯೂ ಒಂದೇ ವಾರ ಬಿದ್ದು, ತಂಡದೊಡನೆ ಹೊರಟ ಕಮಲಾಪುರದ ವಿದ್ಯಾರ್ಥಿ ಎರಡು ವಿಷಯಗಳನ್ನು ಉಳಿಸಿಕೊಂಡನೆಂದರೆ ಅವನಿಗೆ ಆಗುವ ನಷ್ಟ ಆ ವಾರಕ್ಕೆ ಮುಗಿಯುವುದಿಲ್ಲ. ನೇಮಕಾತಿಯ ಅರ್ಜಿಗೆ ಕೊನೆಯ ದಿನಾಂಕ ಬಂದಾಗಲೂ ಅವನ ಅಂಕಪಟ್ಟಿ ಅಪೂರ್ಣವಾಗಿಯೇ ಇರುತ್ತದೆ.

ಇದಕ್ಕೆ ನಾವು ಸಾಮಾನ್ಯವಾಗಿ ಕಂಡುಕೊಂಡಿರುವ ಪರಿಹಾರ ಹಾಜರಾತಿಯ ರಿಯಾಯಿತಿ, ಕೃಪಾಂಕ, ಪ್ರವೇಶದಲ್ಲಿ ಕ್ರೀಡಾ ಕೋಟಾ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ತಪ್ಪಿದ ಪಾಠವನ್ನು ಹಾಜರಾತಿಯ ರಿಯಾಯಿತಿ ಕಲಿಸಲಾರದು. ಅದು ಅಜ್ಞಾನವನ್ನು ಕ್ಷಮಿಸುತ್ತದೆ ಅಷ್ಟೆ. ವಿದ್ಯಾರ್ಥಿಗೆ ಸಲ್ಲಬೇಕಾದುದು ಪಾಠವೇ: ಹಿಂದಿರುಗಿದ ಮೇಲೆ ವಿಶೇಷ ತರಗತಿ, ತಪ್ಪಿದ ಆಂತರಿಕ ಪರೀಕ್ಷೆಗೆ ಇನ್ನೊಂದು ದಿನ, ಪಂದ್ಯಾವಳಿಗೆ ಹೋದವರಿಗೆ ಅದೇ ಸೆಮಿಸ್ಟರಿನಲ್ಲಿ ಪೂರಕ ಪರೀಕ್ಷೆ, ಮತ್ತು ಪ್ರತಿ ಆಟಗಾರನ ವ್ಯಾಸಂಗದ ಮೇಲೆ ಕಣ್ಣಿಟ್ಟಿರುವ ಒಬ್ಬ ಅಧ್ಯಾಪಕ. ಸ್ವಾತಂತ್ರ್ಯಾನಂತರ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು ವಿದ್ಯಾರ್ಥಿಯ ಆರೋಗ್ಯ ಮತ್ತು ದೈಹಿಕ ಶಿಕ್ಷಣಗಳನ್ನು ವಿಶ್ವವಿದ್ಯಾಲಯದ ಹೊಣೆಗಳ ಸಾಲಿನಲ್ಲಿಯೇ ಇರಿಸಿ ಪರಿಶೀಲಿಸಿತು. ಪಾಠವೂ ಆಟವೂ ಒಂದೇ ಛಾವಣಿಯಡಿಯ ಕಾರ್ಯಗಳಾದ ಮೇಲೆ ಒಂದರ ವೇಳಾಪಟ್ಟಿ ಇನ್ನೊಂದನ್ನು ಅರಿಯದೆ ಸಿದ್ಧವಾಗುವುದಕ್ಕೆ ಕಾರಣವೇ ಇಲ್ಲ.

ಅಮೆರಿಕದಿಂದ ನಾವು ನಿಸ್ಸಂಕೋಚವಾಗಿ ಸ್ವೀಕರಿಸಬಹುದಾದುದು ಇಲ್ಲಿದೆ. ಅಲ್ಲಿನ ಕ್ರೀಡಾಸಂಘವು ಈ ಶತಮಾನದ ಆರಂಭದಿಂದ ಪ್ರತಿಯೊಂದು ತಂಡದ ವ್ಯಾಸಂಗ ಪ್ರಗತಿಯನ್ನು, ಆಟಗಾರರು ಕಾಲೇಜಿನಲ್ಲಿ ಉಳಿದರೇ, ಪರೀಕ್ಷೆಗಳಲ್ಲಿ ಅರ್ಹರಾಗಿ ಮುಂದುವರಿದರೇ ಎಂಬ ಎರಡು ಪ್ರಶ್ನೆಗಳ ಆಧಾರದಿಂದ, 1000ಕ್ಕೆ ಇಷ್ಟೆಂದು ಗಣಿಸಿ ಬಹಿರಂಗಪಡಿಸುತ್ತದೆ. ನಾಲ್ಕು ವರ್ಷಗಳ ಸರಾಸರಿ 930ಕ್ಕಿಂತ ಕೆಳಗಿಳಿದ ತಂಡಕ್ಕೆ, ಅದು ಮೈದಾನದಲ್ಲಿ ಎಷ್ಟೇ ಬಲಿಷ್ಠವಾಗಿರಲಿ, ಅಂತಿಮ ಪಂದ್ಯಾವಳಿಗಳಿಗೆ ಪ್ರವೇಶ ತಪ್ಪುತ್ತದೆ. ಹಣದ ಸೆಳೆತಕ್ಕೆ ಒಳಗಾದ ಪದ್ಧತಿಯೂ ಕೂಡ, ವಿದ್ಯೆಯನ್ನು ಆಟದ ಅರ್ಹತೆಯನ್ನಾಗಿ ಮಾಡುವ ಈ ಒಂದು ನಿಯಮದಿಂದ ತನ್ನ ಮೂಲವನ್ನು ನೆನಪಿಟ್ಟುಕೊಂಡಿದೆ. ಅಂತರ ವಿಶ್ವವಿದ್ಯಾಲಯ ಮಟ್ಟದ ಆಟಗಾರನಿಗೆ ‘ಯೂನಿವರ್ಸಿಟಿ ಬ್ಲೂ’ ಎಂಬ ಗೌರವವನ್ನು ಕೊಡುವ ನಾವು, ಆ ಬ್ಲೂಗಳಲ್ಲಿ ಎಷ್ಟು ಮಂದಿ ಪದವಿಯನ್ನು ಸಕಾಲದಲ್ಲಿ ಪಡೆದರೆಂಬುದನ್ನೂ ಅದೇ ಅಭಿಮಾನದಿಂದ ಪ್ರಕಟಿಸಬೇಕು.

7. ಉಪಸಂಹಾರ

ಮಹನೀಯರೇ, ಇಷ್ಟು ವಿವೇಚನೆಯಿಂದ ಹೊರಡುವ ಸಿದ್ಧಾಂತ ಸರಳವಾದುದು. ಪಟ್ಟಿಯನ್ನು ಸಿಬ್ಬಂದಿಯಿಲ್ಲದೆ ಬೆಳೆಸಲಾಗದು. ಸಿಬ್ಬಂದಿಯನ್ನು ಆವರ್ತಕ ಹಣವಿಲ್ಲದೆ ಉಳಿಸಿಕೊಳ್ಳಲಾಗದು. ಹಣವನ್ನು ವಿದ್ಯಾರ್ಥಿಯ ವಿದ್ಯೆ ರಕ್ಷಿತವಾಗದ ಹೊರತು ಸಮರ್ಥಿಸಲಾಗದು. ಒಂದನ್ನು ಬಿಟ್ಟು ಇನ್ನೊಂದನ್ನು ಸುಧಾರಿಸಲು ಹೊರಟವರ ಪ್ರಯತ್ನ ವ್ಯರ್ಥವಾಗುವುದು ಈ ಪರಸ್ಪರ ಸಂಬಂಧದಿಂದಲೇ.

ಆದಕಾರಣ ನನ್ನ ವಿಜ್ಞಾಪನೆ ಇಷ್ಟು. ಈ ಪ್ರದೇಶದ ಪ್ರತಿಯೊಂದು ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ, ಪರೀಕ್ಷಾ ಫಲಿತಾಂಶಗಳೊಡನೆ, ತನ್ನ ಕ್ರೀಡಾತಂಡಗಳ ನಾಲ್ಕು ಲೆಕ್ಕಗಳನ್ನು ವಿದ್ಯಾವಿಷಯಕ ಪರಿಷತ್ತಿನ ಮುಂದೆ ಮಂಡಿಸಲಿ: ತಂಡದಲ್ಲಿ ಯಾವ ತಾಲೂಕಿನ ವಿದ್ಯಾರ್ಥಿಗಳೆಷ್ಟು, ವಿದ್ಯಾರ್ಥಿನಿಯರೆಷ್ಟು, ಕಲಿಸಿದವರಾರು, ಅವರ ನೇಮಕದ ಸ್ವರೂಪವೇನು, ಬಂದ ಹಣವೆಷ್ಟು, ಸಂದ ಹಣವೆಷ್ಟು, ಆಡಿದವರಲ್ಲಿ ಮುಂದಿನ ಸೆಮಿಸ್ಟರಿಗೆ ಉತ್ತೀರ್ಣರಾಗಿ ಹೋದವರೆಷ್ಟು. ಈ ಲೆಕ್ಕ ಹಣಕಾಸು ಸಮಿತಿಗೂ ಕ್ರೀಡಾ ಮಂಡಳಿಗೂ ಸೀಮಿತವಾಗದೆ ವಿದ್ಯಾವಿಷಯಕ ಪರಿಷತ್ತಿಗೇ ಬರಬೇಕೆಂದು ನಾನು ಆಗ್ರಹಪಡಿಸುವುದಕ್ಕೆ ಕಾರಣವುಂಟು. ವಿದ್ಯೆಗೆ ಹೊಣೆಯಾದ ಸಭೆ ಅದು, ಮತ್ತು ಆಟಗಾರನ ವಿದ್ಯೆಗೆ ಬೇರೊಂದು ಸಭೆ ಹೊಣೆಯಾಗಲಾರದು. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಕಾನೂನು ಬೇಕಾಗಿಲ್ಲ. ಕಾಲೇಜುಗಳ ದಾಖಲೆಗಳಲ್ಲಿ ಚದುರಿಹೋಗಿರುವ ಅಂಶಗಳನ್ನು ಒಟ್ಟುಗೂಡಿಸುವ ಸಂಕಲ್ಪ ಬೇಕು. ಆ ಲೆಕ್ಕ ಮೊದಲ ವರ್ಷ ಹಿತವಾಗಿ ಕಾಣದಿರಬಹುದು. ಹಿತವಲ್ಲದ ಲೆಕ್ಕವನ್ನು ಎದುರಿಟ್ಟುಕೊಂಡು ತಿದ್ದಿಕೊಳ್ಳುವ ಸಂಸ್ಥೆಗೇ ವಿದ್ಯಾರ್ಥಿಯನ್ನು ತಿದ್ದುವ ಅಧಿಕಾರವಿರುವುದು. ಕಲಬುರಗಿಯ ವಿಶ್ವವಿದ್ಯಾಲಯಗಳಿಗೆ ಆ ಅಧಿಕಾರ ಪೂರ್ಣವಾಗಿ ದಕ್ಕಲೆಂದು ಹಾರೈಸುತ್ತೇನೆ.